ಸ್ಲೇಟಿನ ಮೇಲಿನ ಜರಿಗಿಡ

ಮೂರು ತಿಂಗಳು ಕೂತು ಬಿಳಿ ದಾರದಲ್ಲಿ ಒಂದು ಟೇಬಲ್ ಕವರ್ ಹೆಣೆದಿದ್ದೆ. ಕ್ರೋಶಾ ಕೆಲಸ. ಅಂಚಿನಲ್ಲಿ ಕಾಫಿ ಹೂವಿನ ಸಾಲು, ನಡುವೆ ಎಲೆಗಳು. ಬೆಂಗಳೂರಿನ ಒಬ್ಬರು ಕೊಳ್ಳುತ್ತೇನೆಂದು ಫೋಟೊ ಕೇಳಿದರು. ಮಂಚದ ಮೇಲೆ ಚೆನ್ನಾಗಿ ಒಗೆದ ಬಿಳಿ ಬೆಡ್‌ಶೀಟ್ ಹಾಸಿ, ಅದರ ಮೇಲೆ ಕವರ್ ಹರಡಿ, ಟ್ಯೂಬ್‌ಲೈಟ್ ಹಾಕಿ ಫೋಟೊ ತೆಗೆದು ಕಳಿಸಿದೆ. "ಡಿಸೈನ್ ಕಾಣ್ತಾ ಇಲ್ಲ ಮೇಡಂ, ಬಟ್ಟೆ ಪ್ಲೇನ್ ಇದೆಯಾ?" ಎಂದು ಉತ್ತರ ಬಂತು. ಅವರದೇನೂ ತಪ್ಪಿರಲಿಲ್ಲ. ಫೋಟೊ ನೋಡಿದರೆ ನನಗೂ ಹೂವು ಕಾಣಲಿಲ್ಲ, ಎಲೆ ಕಾಣಲಿಲ್ಲ. ಮೂರು ತಿಂಗಳ ಕೆಲಸ ಬೆಡ್‌ಶೀಟಿನೊಳಗೆ ಕರಗಿಹೋಗಿತ್ತು.

ಆ ರಾತ್ರಿ ನಿದ್ದೆ ಬರದೆ ಮಲಗಿದ್ದಾಗ ನೆನಪಾದದ್ದು ಜರಿಗಿಡ. ನಾವು ಚಿಕ್ಕವರಿದ್ದಾಗ ಶಾಲೆಗೆ ಹೋಗುವ ದಾರಿಯ ಪಕ್ಕದ ಮಣ್ಣಿನ ಬರೆಯಲ್ಲಿ ಒಂದು ಜಾತಿಯ ಜರಿಗಿಡ ದಂಡಿಯಾಗಿ ಬೆಳೆಯುತ್ತಿತ್ತು. ಎಲೆಯ ಮೇಲ್ಭಾಗ ಹಸಿರು, ಅಡಿಭಾಗದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಹುಡಿ. ಅದನ್ನು ಕಿತ್ತು ತಮ್ಮನ ತೋಳಿನ ಮೇಲೆ ಪಟ್ ಎಂದು ಹೊಡೆದರೆ ಎಲೆಯ ಅಚ್ಚು ಬೆಳ್ಳಗೆ ಮೂಡುತ್ತಿತ್ತು. ಸ್ಲೇಟಿನ ಮೇಲೆ ಇನ್ನೂ ಚೆಂದ, ಒಂದೊಂದು ಹಲ್ಲೂ ಎಣಿಸಬಹುದು. ಅದೇ ಎಲೆಯನ್ನು ನೋಟ್‌ಬುಕ್ಕಿನ ಬಿಳಿ ಹಾಳೆಗೆ ಒತ್ತಿದರೆ ಏನೂ ಇಲ್ಲ. ಹುಡಿ ಹಾಳೆಗೂ ಅಂಟಿರುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಏಳನೇ ವಯಸ್ಸಿನಲ್ಲೇ ಗೊತ್ತಿದ್ದ ವಿಷಯವನ್ನು ಮೂವತ್ತೆಂಟನೇ ವಯಸ್ಸಿನಲ್ಲಿ ಬೆಡ್‌ಶೀಟ್ ಹಾಸುವಾಗ ಮರೆತಿದ್ದೆ.

ಬೆಳಿಗ್ಗೆ ಎದ್ದವಳೇ ನಮ್ಮವರ ಹಳೆಯ ಕಪ್ಪು ಕಂಬಳಿಯನ್ನು ಜಗಲಿಯಲ್ಲಿ ಹಾಸಿ ಅದರ ಮೇಲೆ ಕವರ್ ಇಟ್ಟೆ. ಬೆಳಕು ಒಂದೇ ಬದಿಯಿಂದ ಬೀಳುತ್ತಿತ್ತು. ಪ್ರತಿಯೊಂದು ಗಂಟೂ ಎದ್ದು ನಿಂತಿತು. ಕವರ್ ಮಾರಾಟವಾಯಿತು. ಅಲ್ಲಿಂದ ಇಲ್ಲಿಯವರೆಗೆ ಒಂಬತ್ತು ವರ್ಷ, ನಾನು ಮಾಡುವ ಜರಿಗಿಡದ ಕಾರ್ಡು, ಕ್ರೋಶಾ, ಜಲವರ್ಣ, ಅಕ್ಕಪಕ್ಕದವರಿಗಾಗಿ ತೆಗೆದುಕೊಡುವ ಫೋಟೊ ಎಲ್ಲದರಲ್ಲೂ ಮೊದಲು ಯೋಚಿಸುವುದು ಹಿನ್ನೆಲೆಯನ್ನೇ. ವಸ್ತು ಆಮೇಲೆ.

ಹೊಸದಾಗಿ ಕೇಳುವವರಿಗೆ ನಾನು ಮೊದಲು ಹೇಳುವ ಮಾತು ಇದು: ಬಣ್ಣ ನೋಡಬೇಡಿ, ಕಪ್ಪು-ಬಿಳುಪು ನೋಡಿ. ಕೆಂಪು ಕಾಫಿ ಹಣ್ಣನ್ನು ಹಸಿರು ಎಲೆಯ ಮೇಲಿಟ್ಟರೆ ಎದುರಿಗೆ ನಿಂತವರ ಕಣ್ಣಿಗೆ ಬೇರೆ ಬೇರೆಯಾಗಿಯೇ ಕಾಣುತ್ತದೆ. ಫೋನಿನಲ್ಲಿ ಅದನ್ನೇ ಬ್ಲಾಕ್ ಅಂಡ್ ವೈಟ್ ಮಾಡಿ ನೋಡಿ, ಹಲವು ಸಲ ಎರಡೂ ಒಂದೇ ಬೂದು. ಅಂಥ ಫೋಟೊ ಸಣ್ಣದಾಗಿ ನೋಡಿದಾಗ ಗೊಜ್ಜಿನ ಹಾಗೆ ಕಲಸಿಹೋಗುತ್ತದೆ. ಫೋನ್ ಇಲ್ಲದಿದ್ದರೆ ಕಣ್ಣು ಅರ್ಧ ಮುಚ್ಚಿ ನೋಡಿದರೂ ಸಾಕು. ಹಾಗೆ ನೋಡಿದಾಗಲೂ ವಸ್ತುವಿನ ಅಂಚು ಗೊತ್ತಾದರೆ ಆ ಹಿನ್ನೆಲೆ ಆಗುತ್ತದೆ.

ಕಂಬಳಿ, ಸೀರೆ, ಲುಂಗಿ ಎಂದು ಒಂದು ವರ್ಷ ಬಟ್ಟೆಯಲ್ಲೇ ಕಳೆದೆ. ಬಟ್ಟೆಗೆ ಎರಡು ತೊಂದರೆ. ನೆರಿಗೆ ಬೀಳುತ್ತದೆ, ಇಸ್ತ್ರಿ ಮಾಡಿ ಮಾಡಿ ಸಾಕಾಗುತ್ತದೆ. ಎರಡನೆಯದು, ನಮ್ಮ ಕೊಡಗಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ, ಮುಗ್ಗಲು ಹಿಡಿಯುತ್ತದೆ. ಹಾಗಾಗಿ ಹಲಗೆಗೆ ಬಂದೆ. ಕುಶಾಲನಗರದಲ್ಲಿ ಆರು ಮಿಲಿಮೀಟರ್ ಪ್ಲೈವುಡ್ ಕೊಂಡು ಎರಡು ಅಡಿಗೆ ಮೂರು ಅಡಿ ಅಳತೆಯಲ್ಲಿ ಕೊಯ್ಸಿದೆ. ಮೊದಲು ಗೋಡೆಗೆ ಹಚ್ಚುವ ಪ್ರೈಮರ್ ಒಂದು ಕೋಟು. ಅದು ಒಣಗಿದ ಮೇಲೆ ಬಿಳಿ ಮ್ಯಾಟ್ (ಹೊಳಪಿಲ್ಲದ) ಎಮಲ್ಷನ್‌ಗೆ ಸ್ಟೇನರ್ ಟ್ಯೂಬಿನಿಂದ ಬಣ್ಣ ಬೆರೆಸಿ, ಒಂದಕ್ಕೊಂದು ತೀರಾ ಹತ್ತಿರದ ಎರಡು ಛಾಯೆ ಮಾಡಿಕೊಂಡೆ. ಒಂದು ಛಾಯೆ ಪೂರ್ತಿ ಬಳಿದು, ಅದು ಹಸಿಯಿರುವಾಗಲೇ ಇನ್ನೊಂದನ್ನು ಹಳೆಯ ಬನಿಯನ್ ತುಂಡಿನಿಂದ ಅಲ್ಲಲ್ಲಿ ಒತ್ತಿ ಉಜ್ಜಿದೆ. ಬ್ರಷ್ಷಿನ ಗೆರೆ ಉಳಿಯಬಾರದು. ಹತ್ತು ಅಡಿ ದೂರದಿಂದ ಒಂದೇ ಬಣ್ಣ ಅನ್ನಿಸಬೇಕು, ಹತ್ತಿರ ಬಂದರೆ ಹಳೆಯ ಗೋಡೆಯ ಹಾಗೆ ಸಣ್ಣ ಏರಿಳಿತ ಕಾಣಬೇಕು.

ಮೊದಲ ಹಲಗೆ ಎರಡೇ ವಾರದಲ್ಲಿ ಬಿಲ್ಲಿನ ಹಾಗೆ ಬಾಗಿತು. ಒಂದು ಬದಿಗೆ ಮಾತ್ರ ಬಣ್ಣ ಹಚ್ಚಿದ್ದೆ, ಇನ್ನೊಂದು ಬದಿ ತೇವ ಕುಡಿದಿತ್ತು. ಎರಡೂ ಬದಿಗೆ ಹಚ್ಚಿದರೆ ಬಾಗುವುದಿಲ್ಲ, ಮೇಲಾಗಿ ಒಂದೇ ಹಲಗೆಯಲ್ಲಿ ಎರಡು ಹಿನ್ನೆಲೆ ಸಿಗುತ್ತದೆ. ಈಗ ನನ್ನ ಬಳಿ ಮೂರು ಹಲಗೆ, ಆರು ಮುಖ ಇವೆ: ಇದ್ದಿಲು ಕಪ್ಪು, ಬೂದಿ, ಮೋಡದ ನೀಲಿ, ಹಸಿಮಣ್ಣಿನ ಕಂದು, ಮಜ್ಜಿಗೆ ಬಿಳಿ, ಪಾಚಿ ಹಸಿರು. ಹೆಚ್ಚು ಬಳಸುವುದು ಬೂದಿಯನ್ನೇ. ಪಾಚಿ ಹಸಿರನ್ನು ಆಸೆಪಟ್ಟು ಮಾಡಿದ್ದೆ, ಅದರ ಮೇಲೆ ಎಲೆ ಇಟ್ಟರೆ ಎಲೆ ಮಾಯ, ಮೆಣಸಿನ ಬಳ್ಳಿ ಇಟ್ಟರೆ ಬಳ್ಳಿ ಮಾಯ. ನಮ್ಮ ಊರಿನ ವಸ್ತುಗಳೆಲ್ಲ ಹಸಿರೇ ಆದ್ದರಿಂದ ಅದು ಗೋಡೆಗೆ ಒರಗಿಯೇ ಇರುತ್ತದೆ.

ಮ್ಯಾಟ್ ಎಂದು ಒತ್ತಿ ಹೇಳಲು ಕಾರಣವಿದೆ. ಎನಾಮಲ್ ಹಚ್ಚಿದ ಹಲಗೆ ಕನ್ನಡಿಯ ಹಾಗೆ ಕಿಟಕಿಯನ್ನೇ ಹಿಂದಕ್ಕೆ ತೋರಿಸುತ್ತದೆ. ಮಾರುಕಟ್ಟೆಯಲ್ಲಿ ಮರದ ಚಿತ್ರ ಅಚ್ಚು ಹಾಕಿದ ಫ್ಲೆಕ್ಸ್ ಹಾಳೆಗಳು ಸಿಗುತ್ತವೆ, ಅವೂ ಹೊಳೆಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಅದರಲ್ಲಿರುವ ಮರದ ಗಂಟು ಏಲಕ್ಕಿ ಕಾಯಿಗಿಂತ ದೊಡ್ಡದೋ ಚಿಕ್ಕದೋ ಆಗಿ ಅಳತೆಯೇ ತಪ್ಪುತ್ತದೆ. ನಮ್ಮಲ್ಲಿ ಸಿಲ್ವರ್ ಓಕ್ ಹಲಗೆಗೆ ಬರವೇ? ಮರ ಕಡಿಸಿದವರ ಮನೆಯಲ್ಲಿ ಎರಡು ತುಂಡು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಎರಡು ವರ್ಷ ಮಳೆ ಬಿಸಿಲಿಗೆ ಬಿಟ್ಟರೆ ಅದು ತಾನಾಗಿ ಬೆಳ್ಳಿಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣವನ್ನು ಯಾವ ಡಬ್ಬಿಯಿಂದಲೂ ನನಗೆ ತರಲಾಗಿಲ್ಲ.

ಬಣ್ಣದ ಪಾಠ ಕಲಿಸಿದ್ದು ಕಿತ್ತಳೆ. ನೆರೆಮನೆಯ ಅಕ್ಕ ಕಿತ್ತಳೆ ಸ್ಕ್ವಾಷ್ ಮಾಡುತ್ತಾರೆ, ಲೇಬಲ್ಲಿಗೆ ಫೋಟೊ ಬೇಕಿತ್ತು. ಕೊಡಗಿನ ಕಿತ್ತಳೆ ನಾಗಪುರದ್ದರ ಹಾಗೆ ಕಡುಬಣ್ಣದ್ದಲ್ಲ, ಹಳದಿ ಹಸಿರು ಬೆರೆತ ಸಾಧು ಬಣ್ಣ. ನಮ್ಮ ಮನೆಯ ರೆಡ್ ಆಕ್ಸೈಡ್ ನೆಲದ ಮೇಲಿಟ್ಟು ತೆಗೆದೆ, ಹಣ್ಣು ಬಾಡಿದ ಹಾಗೆ ಹಸಿರಾಗಿ ಕಾಣಿಸಿತು. ಅದೇ ಹಣ್ಣು, ಅದೇ ಬೆಳಕು, ಹಲಗೆ ಮಾತ್ರ ಮೋಡದ ನೀಲಿ. ಈಗ ಹಣ್ಣು ಒಳಗಿನಿಂದ ದೀಪ ಹಚ್ಚಿದ ಹಾಗಾಯಿತು. "ಬಣ್ಣ ಹಾಕಿದ್ಯಾ ಇದಕ್ಕೆ?" ಎಂದು ಅಕ್ಕ ಕೇಳಿದರು. "ಇಲ್ಲ ಅಕ್ಕ, ಹಲಗೆ ಬದಲಾಯಿಸಿದೆ ಅಷ್ಟೆ" ಅಂದೆ. ಅವರು ನಂಬದೆ ಎರಡೂ ಕಡೆ ಹಣ್ಣು ಇಟ್ಟು ತಾವೇ ನೋಡಿದರು.

ಇದರ ಹಿಂದಿನ ಕಾರಣವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜಿನ್ ಶೆವ್ರಲ್ 1839ರಲ್ಲೇ ವಿವರವಾಗಿ ಬರೆದಿಟ್ಟಿದ್ದಾರೆ. ಅವರು ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲಿಗೆ ಕಪ್ಪು ಸಾಲದು ಎಂದು ದೂರು ಬಂದಾಗ ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳೇ ಕಪ್ಪನ್ನು ಪೇಲವ ಮಾಡಿದ್ದವು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ತಮ್ಮ ವಿರುದ್ಧ ಬಣ್ಣದ ಕಡೆಗೆ ತಳ್ಳುತ್ತವೆ. ನಮ್ಮ ಕೆಂಪು ನೆಲ ಕಿತ್ತಳೆಯನ್ನು ಹಸಿರಿನ ಕಡೆಗೆ ತಳ್ಳಿತ್ತು, ನೀಲಿ ಹಲಗೆ ಕಿತ್ತಳೆ ಬಣ್ಣದ ಕಡೆಗೇ ತಳ್ಳಿತು.

ಇದು ಕಣ್ಣಿನ ಮಾತಾಯಿತು. ಬೆಳಕೂ ಬಣ್ಣ ಹೊತ್ತು ತರುತ್ತದೆ, ಅದು ಬೇರೆ ವಿಷಯ. ಕಾಫಿ ಗಿಡಗಳ ನಡುವೆ ನಿಲ್ಲಿಸಿ ಮುಖದ ಫೋಟೊ ತೆಗೆದರೆ ಗಲ್ಲದ ಕೆಳಗೆ ಹಸಿರು ಬೀಳುತ್ತದೆ. ಮಳೆಗಾಲದಲ್ಲಿ ಎರಚಲು ತಡೆಯಲು ಜಗಲಿಗೆ ನೀಲಿ ಟಾರ್ಪಾಲು ಕಟ್ಟುತ್ತೇವಲ್ಲ, ಆಗ ಅನ್ನವೂ ನೀಲಿ, ಮಗುವೂ ನೀಲಿ. ಒಂದು ಇಡೀ ಆಗಸ್ಟ್ ನನ್ನ ಕಾರ್ಡುಗಳ ಫೋಟೊ ಹಾಳಾದದ್ದು ಇದರಿಂದ. ಟಾರ್ಪಾಲಿನ ಒಳಬದಿಗೆ ಬಿಳಿ ಪಂಚೆ ಇಳಿಬಿಟ್ಟು ನೋಡಿದೆ, ಪಂಚೆಯೂ ನೀಲಿಯಾಯಿತೇ ಹೊರತು ಸರಿಹೋಗಲಿಲ್ಲ. ಕೊನೆಗೆ ಒಂದು ಬದಿಯ ಟಾರ್ಪಾಲು ತೆಗೆದು ಅಲ್ಲಿ ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿಸಿದೆ.

ಇನ್ನು ದೂರ. ನನ್ನ ಲೆಕ್ಕದಲ್ಲಿ ಹಲಗೆಯ ಬಣ್ಣಕ್ಕಿಂತ ಇದಕ್ಕೇ ತೂಕ ಹೆಚ್ಚು. ಸಣ್ಣ ದೀಪದ ಬೆಳಕು ದೂರ ಎರಡರಷ್ಟಾದರೆ ಕಾಲುಭಾಗಕ್ಕೆ ಇಳಿಯುತ್ತದೆ, ನಾಲ್ಕರಷ್ಟಾದರೆ ಹದಿನಾರರಲ್ಲಿ ಒಂದು ಭಾಗಕ್ಕೆ. ದೀಪದಿಂದ ಎರಡು ಅಡಿಯಲ್ಲಿ ಮಡಕೆ, ಎಂಟು ಅಡಿಯಲ್ಲಿ ಗೋಡೆ ಇದ್ದರೆ ಸುಣ್ಣದ ಗೋಡೆಯೂ ಫೋಟೊದಲ್ಲಿ ಕಡುಬೂದಾಗುತ್ತದೆ. ಇದು ತಿಳಿದ ಮೇಲೆ ಕಪ್ಪು ಪರದೆಗೆ ದುಡ್ಡು ಹಾಕುವುದನ್ನು ಬಿಟ್ಟೆ. ಮನುಷ್ಯರ ಫೋಟೊಕ್ಕೆ ಮುಂಬಾಗಿಲ ಹೊಸ್ತಿಲೇ ನನ್ನ ಸ್ಟುಡಿಯೋ. ಹೊಸ್ತಿಲ ಮೇಲೆ ನಿಲ್ಲಿಸಿದರೆ ಮುಖಕ್ಕೆ ಆಕಾಶದ ಬೆಳಕು, ಬೆನ್ನ ಹಿಂದೆ ಹಜಾರದ ಕತ್ತಲೆ. ಒಳಗಿನ ಲೈಟು ಆರಿಸಿ, ಹಿಂಬಾಗಿಲು ಮುಚ್ಚಿದರೆ ಸಾಕು.

ಮಸುಕು ಮಾಡುವುದಕ್ಕೂ ದೂರವೇ ಬೇಕು. ನನ್ನ ಹಳೆಯ ಕ್ಯಾಮರಾಕ್ಕೆ 50 ಎಂಎಂ ಲೆನ್ಸ್ ಇದೆ, ಎಫ್ 1.8. ಈ ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಹಿನ್ನೆಲೆ ಹೆಚ್ಚು ಮಸುಕು. ಆ ಬಾಯಿಯನ್ನು, ಅಂದರೆ ಅಪರ್ಚರನ್ನು, ಎಷ್ಟು ತೆರೆದರೂ ಮಗು ಗೋಡೆಗೆ ಒರಗಿ ಕೂತಿದ್ದರೆ ಗೋಡೆಯ ಬಿರುಕು ಕಾಣಿಸಿಯೇ ಕಾಣಿಸುತ್ತದೆ. ಮಗುವನ್ನು ಹದಿನೈದು ಅಡಿ ಮುಂದೆ ತಂದು ನಾನು ನಾಲ್ಕೈದು ಅಡಿ ದೂರದಲ್ಲಿ ಕೂತರೆ ಎಫ್ 4ರಲ್ಲೂ ಗೋಡೆ ಬೆಣ್ಣೆಯ ಹಾಗಾಗುತ್ತದೆ. ಫೋನಿನ ಪೋರ್ಟ್ರೇಟ್ ಮೋಡ್ ಮನುಷ್ಯರಿಗೆ ಪರವಾಗಿಲ್ಲ, ಕೈಕೆಲಸಕ್ಕೆ ನಾನು ಬಳಸುವುದಿಲ್ಲ. ಕ್ರೋಶಾದ ತೂತುಗಳ ಒಳಗಿರುವುದು ಹಿನ್ನೆಲೆಯೋ ವಸ್ತುವೋ ಎಂದು ಅದಕ್ಕೆ ತಿಳಿಯದೆ, ಅರ್ಧ ದಾರವನ್ನೂ ಕುಚ್ಚನ್ನೂ ಅಳಿಸಿಬಿಡುತ್ತದೆ. ಕೊಳ್ಳುವವರಿಗೆ ನನ್ನ ಹೆಣಿಗೆ ಹೇಗಿದೆಯೋ ಹಾಗೆಯೇ ಕಾಣಬೇಕು.

ಗಾಜಿನ ಬಾಟಲಿಗೆ ಮಾತ್ರ ಬೇರೆ ಕ್ರಮ. ಜೇನನ್ನು ಹಲಗೆಯ ಮುಂದಿಟ್ಟು ಎದುರಿನಿಂದ ಬೆಳಕು ಬಿಟ್ಟರೆ ಬೆಲ್ಲದ ಪಾಕದ ಹಾಗೆ ಮಂಕು. ಜೇನಿಗೆ ಹಿನ್ನೆಲೆಯೇ ದೀಪವಾಗಬೇಕು. ಕಿಟಕಿಗೆ ಬಟರ್ ಪೇಪರ್ ಅಂಟಿಸಿ, ಅದರ ಮುಂದೆ ಬಾಟಲಿ ಇಟ್ಟು, ಎರಡೂ ಪಕ್ಕದಲ್ಲಿ ಫೋಟೊಕ್ಕೆ ಬೀಳದ ಹಾಗೆ ಕಪ್ಪು ಚಾರ್ಟ್ ಪೇಪರಿನ ಪಟ್ಟಿ ನಿಲ್ಲಿಸುತ್ತೇನೆ. ಜೇನು ಹೊಳೆಯುತ್ತದೆ, ಕಪ್ಪು ಪಟ್ಟಿಗಳು ಗಾಜಿನ ಅಂಚಿನಲ್ಲಿ ಗೆರೆ ಎಳೆದ ಹಾಗೆ ಮೂಡುತ್ತವೆ. ನಮ್ಮ ಕಡೆ ಅಡುಗೆಗೆ ಬಳಸುವ ಹುಳಿರಸ ಕಾಚಂಪುಳಿಗೆ ಇದು ನಡೆಯುವುದಿಲ್ಲ. ಅದು ಡಾಂಬರಿನಷ್ಟು ಕಪ್ಪು, ಬೆಳಕು ದಾಟುವುದೇ ಇಲ್ಲ. ಅದಕ್ಕೆ ಬೂದಿ ಹಲಗೆ, ಒಂದೇ ಪಕ್ಕದಿಂದ ಬೆಳಕು, ಬಾಟಲಿಯ ಮೈಮೇಲೆ ಉದ್ದಕ್ಕೆ ಒಂದೇ ಮಿಂಚು. ಪಕ್ಕದಲ್ಲಿ ಬಿಳಿ ಪಿಂಗಾಣಿ ಚಮಚದಲ್ಲಿ ನಾಲ್ಕು ತೊಟ್ಟು ಸುರಿದಿಟ್ಟರೆ ಅದರ ತೆಳುವಾದ ಅಂಚಿನಲ್ಲಿ ನಿಜವಾದ ಕಂದುಬಣ್ಣ ಕಾಣುತ್ತದೆ.

ಜೂನ್ ಬಂತೆಂದರೆ ನಮಗೆ ಹಿನ್ನೆಲೆ ಹುಡುಕುವ ಕೆಲಸವೇ ಇಲ್ಲ, ಮಂಜು ಅಂಗಳಕ್ಕೇ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ಹಿಂದಿನ ಮರ, ವಿದ್ಯುತ್ ಕಂಬ, ಪಕ್ಕದ ಮನೆಯ ತಗಡು ಎಲ್ಲ ಸೇರಿ ಗಲಿಬಿಲಿ ಮಾಡುವ ಜಾಗದಲ್ಲೇ ಆಗ ಒಂದು ಹಾಲುವಾಣದ ಮರ ಒಂಟಿಯಾಗಿ ನಿಂತಿರುತ್ತದೆ. ಆದರೆ ಕ್ಯಾಮರಾ ಮಂಜನ್ನು ನಂಬುವುದಿಲ್ಲ. ಚೌಕಟ್ಟಿನ ತುಂಬ ಬಿಳಿ ಕಂಡರೆ ಬೆಳಕು ಹೆಚ್ಚಾಯಿತೆಂದು ತಿಳಿದು ಎಲ್ಲವನ್ನೂ ಬೂದು ಮಾಡುತ್ತದೆ. ಎಕ್ಸ್‌ಪೋಷರ್, ಅಂದರೆ ಕ್ಯಾಮರಾ ಹಿಡಿಯುವ ಬೆಳಕನ್ನು, ಪ್ಲಸ್ ಒಂದಕ್ಕೆ ಏರಿಸಿದರೆ ಮಂಜು ಮಂಜಾಗಿಯೇ ಬರುತ್ತದೆ. ಬಿಳಿ ಹಲಗೆಗೂ ಇದೇ ಲೆಕ್ಕ, ಕಪ್ಪು ಹಲಗೆಗೆ ತಿರುಗಮುರುಗ. ತೆಗೆದಾದ ಮೇಲೆ ಕ್ಯಾಮರಾವನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ನನ್ನ ಮೊದಲ ಲೆನ್ಸ್ ಬೀರುವಿನ ಬಟ್ಟೆಗಳ ನಡುವೆ ಇದ್ದು, ಒಂದೇ ಮಳೆಗಾಲಕ್ಕೆ ಗಾಜಿನೊಳಗೆ ಬೂಷ್ಟು ಜೇಡರ ಬಲೆಯ ಹಾಗೆ ಹರಡಿತ್ತು.

ಈ ಮಂಜನ್ನು ಜಲವರ್ಣದಲ್ಲಿ ಹಿಡಿಯಲು ಹೋಗಿ ಎಷ್ಟು ಹಾಳೆ ಕೆಡಿಸಿದೆನೋ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ನೋಡಿದರೆ ಒಂದರ ಹಿಂದೊಂದು ಬೆಟ್ಟ, ದೂರ ಹೋದಷ್ಟೂ ತೆಳು, ನೀಲಿ. ಮೊದಲೆಲ್ಲ ಮುಂದಿನ ಮರ ಬರೆದು, ಉಳಿದ ಜಾಗದಲ್ಲಿ ಬೆಟ್ಟ ತುಂಬುತ್ತಿದ್ದೆ. ಎಲ್ಲ ಒಂದೇ ಗೋಡೆಗೆ ಅಂಟಿಸಿದ ಹಾಗೆ ಬರುತ್ತಿತ್ತು. ಈಗ ಹಿಂದಿನಿಂದ ಮುಂದಕ್ಕೆ ಬರುತ್ತೇನೆ. 300 ಜಿಎಸ್‌ಎಂನ ದಪ್ಪ ಹಾಳೆಯನ್ನು ಟೇಪಿನಿಂದ ಹಲಗೆಗೆ ಬಿಗಿದು, ಪೂರ್ತಿ ಒದ್ದೆ ಮಾಡಿ, ತೀರಾ ದೂರದ ಬೆಟ್ಟಕ್ಕೆ ಇಂಡಿಗೋ ಬಣ್ಣದ ನೀರು, ನೀರು ಅನ್ನುವಷ್ಟೇ ಬಣ್ಣ. ಅದು ಒಣಗಿದ ಮೇಲೆ ಮುಂದಿನ ಸಾಲು, ಬಣ್ಣ ಸ್ವಲ್ಪ ಹೆಚ್ಚು, ನೀರು ಸ್ವಲ್ಪ ಕಡಿಮೆ. ಪ್ರತಿ ಬೆಟ್ಟದ ಬುಡವನ್ನು ಹಸಿ ಬ್ರಷ್ಷಿನಿಂದ ಕರಗಿಸಿದರೆ ಕಣಿವೆಯಲ್ಲಿ ಮಂಜು ಕೂತ ಹಾಗಾಗುತ್ತದೆ. ಐದನೆಯ ಸಾಲಿಗೆ ಮರ, ಅಲ್ಲಿ ಮಾತ್ರ ಬಣ್ಣ ಗಟ್ಟಿ. ಜುಲೈಯಲ್ಲಿ ಒಂದು ಸಾಲು ಒಣಗಲು ಇಡೀ ಮಧ್ಯಾಹ್ನ ಹಿಡಿಯುತ್ತದೆ. ಒಲೆಯ ಹತ್ತಿರ ಇಟ್ಟು ಅವಸರ ಮಾಡಿದರೆ ಬಣ್ಣ ಅಂಚಿಗೆ ಓಡಿ ಗೆರೆ ಕಟ್ಟುತ್ತದೆ. ಅಡುಗೆಮನೆಯ ಅಟ್ಟದ ಕೆಳಗೆ, ಬೆಂಕಿಯಿಂದ ಐದಾರು ಅಡಿ ದೂರದಲ್ಲಿ ಇಟ್ಟು ಬೇರೆ ಕೆಲಸಕ್ಕೆ ಹೋಗುವುದೇ ಸರಿ.

ಕಾರ್ಡುಗಳಿಗೆ ಹಾಳೆಯೇ ಹಿನ್ನೆಲೆ. ಒಣಗಿಸಿದ ಜರಿಗಿಡದ ಎಲೆ ತೆಳು ಕಂದು ಹಸಿರು, ಅಚ್ಚ ಬಿಳಿ ಹಾಳೆಯ ಮೇಲೆ ಶಾಲೆಯ ಸಸ್ಯಸಂಗ್ರಹದ ಹಾಗೆ ಕಾಣುತ್ತದೆ. ಕಾಫಿ ಡಿಕಾಕ್ಷನ್ ತೆಳುಮಾಡಿ ಹಾಳೆಗೆ ಬಳಿದು ನೋಡಿದೆ, ಒಣಗಿದಾಗ ಹಳೆಯ ಪತ್ರದ ಬಣ್ಣ ಬಂತು. ಸಕ್ಕರೆ ಒಂದು ಹರಳೂ ಇರಬಾರದು, ಇದ್ದರೆ ಇರುವೆ ಬರುತ್ತದೆ. ಚಿಕೋರಿ ಬೆರೆತ ಪುಡಿಯಾದರೆ ಬಣ್ಣ ಗಾಢ, ಆದರೆ ಸ್ವಲ್ಪ ಅಂಟು. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುವಾಗ ಬೇಯಿಸಿದ ನೀರು ಕಡುನೇರಳೆ ಬರುತ್ತದಲ್ಲ, ಅದರಲ್ಲಿ ಒಂದು ಲೋಟ ಬೇರೆ ತೆಗೆದಿಟ್ಟು ಹಾಳೆ ಅದ್ದಿದೆ. ಅಂಥ ಬಣ್ಣ ನಾನು ಎಲ್ಲೂ ಕಂಡಿಲ್ಲ. ಆದರೆ ಕಿಟಕಿಯ ಬಳಿ ಇಟ್ಟ ಕಾರ್ಡು ತಿಂಗಳೊಳಗೆ ಬೂದುಗಂದು ಬಣ್ಣಕ್ಕೆ ಇಳಿಯಿತು, ಪುಸ್ತಕದೊಳಗೆ ಇಟ್ಟದ್ದು ಹೆಚ್ಚು ದಿನ ಉಳಿಯಿತು. ಹಾಗಾಗಿ ಅದನ್ನು ಮಾರುವುದಿಲ್ಲ, ಬೇಕಾದವರಿಗೆ ವಿಷಯ ಹೇಳಿ ಕೊಡುತ್ತೇನೆ. ಎಲೆ ಒತ್ತಲು ಹಳೆಯ ಪತ್ರಿಕೆ ಬಳಸಿ, ದಿನಕ್ಕೊಮ್ಮೆ ಬದಲಾಯಿಸಿ. ಕಾರ್ಡಿಗೆ ಮಾತ್ರ ಅಂಥ ಅಗ್ಗದ ಹಾಳೆ ಬೇಡ. ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶದಿಂದ ಒಂದೆರಡು ವರ್ಷದಲ್ಲಿ ಹಳದಿಯಾಗುತ್ತದೆ. ಆಮ್ಲರಹಿತ ಹಾಳೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬಿಳಿಹುಡಿಯ ಜರಿಗಿಡವನ್ನು ಈಗಲೂ ಕಪ್ಪು ಹಾಳೆಗೆ ಒತ್ತುತ್ತೇನೆ. ಮಳೆ ನಿಂತು ಎರಡು ದಿನ ಆದ ಮೇಲೆ ಕೀಳಬೇಕು, ಒದ್ದೆ ಎಲೆ ಅಚ್ಚು ಕೊಡುವುದಿಲ್ಲ. ಒತ್ತಿದ ಮೇಲೆ ಹುಡಿ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇಯನ್ನು ದೂರದಿಂದ, ಮೇಲಿನಿಂದ ತುಂತುರಾಗಿ ಬೀಳುವ ಹಾಗೆ ಎರಡು ಸಲ.

ಇಷ್ಟೆಲ್ಲ ಕಲಿತು, ಹಿಂದೆ ಏನೂ ಇರಬಾರದು ಎಂಬ ಹಟಕ್ಕೆ ನಾನು ಬಂದಿದ್ದೆ. ಅಮೆರಿಕದ ಛಾಯಾಗ್ರಾಹಕ ಅರ್ವಿಂಗ್ ಪೆನ್ 1950ರಲ್ಲಿ ಪ್ಯಾರಿಸ್ಸಿನಲ್ಲಿ ಸಿಕ್ಕಿದ ನಾಟಕದ ಹಳೆಯ ಪರದೆಯೊಂದನ್ನು ಹಿನ್ನೆಲೆ ಮಾಡಿಕೊಂಡು ಅದನ್ನೇ ದಶಕಗಳ ಕಾಲ ಬಳಸಿದರಂತೆ. ನೇಪಾಳ, ಮೊರಾಕ್ಕೊಗಳಿಗೆ ಹೋದಾಗಲೂ ಮಡಚುವ ಡೇರೆಯ ಸ್ಟುಡಿಯೋ ಜೊತೆಗೊಯ್ದು ಜನರನ್ನು ಅದರೊಳಗೆ ನಿಲ್ಲಿಸಿ ಫೋಟೊ ತೆಗೆದರು. ಆ ಫೋಟೊಗಳನ್ನು ನೋಡಿ ನೋಡಿ ಮನಸ್ಸು ತುಂಬಿತ್ತು. ಅತ್ತೆಗೆ ಎಪ್ಪತ್ತೈದಾದಾಗ ಅವರನ್ನು ಹೊಸ್ತಿಲಲ್ಲಿ ಕೂರಿಸಿ, ಬೆನ್ನ ಹಿಂದೆ ಪೂರ್ತಿ ಕತ್ತಲೆ ಬರುವ ಹಾಗೆ ಒಂದು ಫೋಟೊ ತೆಗೆದೆ. ಮುಖದ ಒಂದೊಂದು ಸುಕ್ಕೂ ಚೆನ್ನಾಗಿ ಬಂದಿತ್ತು. ನನ್ನ ಅತ್ಯುತ್ತಮ ಫೋಟೊ ಎಂದುಕೊಂಡು ಪ್ರಿಂಟ್ ಹಾಕಿಸಿ ಕೊಟ್ಟೆ.

ಅತ್ತೆ ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಆದರೆ ನಾನು ಎಲ್ಲಿದ್ದೇನೆ ಇದರಲ್ಲಿ? ಆಸ್ಪತ್ರೆಯಲ್ಲೋ, ಕತ್ತಲೆ ಕೋಣೆಯಲ್ಲೋ ಗೊತ್ತಾಗೋದಿಲ್ಲ" ಅಂದರು. ನಾನು ಸುಮ್ಮನಿದ್ದೆ. "ಕಣದಲ್ಲಿ ತೆಗಿ. ಕಾಫಿ ಹರಡಿರುವಾಗ" ಎಂದರು.

ಅದು ನವೆಂಬರ್. ನಮ್ಮದು ರೋಬಸ್ಟಾ ಜಾತಿಯ ಕಾಫಿ, ಕಣ ತುಂಬಲು ಜನವರಿಯ ಕೊನೆಯವರೆಗೆ ಕಾಯಬೇಕು. ಕಾದೆ. ಮೊದಲ ದಿನ ಹರಡಿದ ಹಣ್ಣು ಕೆಂಪಗಿರುತ್ತದೆ, ನಾಲ್ಕೈದು ದಿನಕ್ಕೆ ಕಂದಾಗಿ, ಆಮೇಲೆ ಒಣಗಿ ಚೆರಿಯಾದಾಗ ಕಪ್ಪಾಗುತ್ತದೆ. ಎರಡೂ ಬಣ್ಣ ಬೇಕೆಂದು ಅರ್ಧ ಕಣದಲ್ಲಿ ಹಿಂದಿನ ವಾರದ ರಾಶಿ, ಅರ್ಧದಲ್ಲಿ ಅಂದಿನ ಹಣ್ಣು ಇರುವ ದಿನ ನೋಡಿಕೊಂಡೆ. ಬೆಳಿಗ್ಗೆ ಎಂಟೂವರೆ, ಮಂಜು ಕರಗಿ ಬಿಸಿಲು ಇನ್ನೂ ಮೆತ್ತಗಿತ್ತು. ಅತ್ತೆ ಬೂದುಬಣ್ಣದ ಸೀರೆ ಉಟ್ಟಿದ್ದರು, ನಾನು ಹೇಳಿರಲಿಲ್ಲ. ನಲವತ್ತು ವರ್ಷ ಅವರೇ ಕಾಫಿ ಹರವಿದ ಮರದ ಹಲುಬೆ ಕೈಯಲ್ಲಿತ್ತು. ಅಪರ್ಚರ್ ಎಫ್ 8ಕ್ಕೆ ಇಟ್ಟೆ. ಹಿಂದಿನ ಹಣ್ಣು ಸ್ವಲ್ಪ ಮೆತ್ತಗಾಗಬೇಕು, ಆದರೆ ಕಾಫಿಯೆಂದು ಗುರುತು ಸಿಗಬೇಕು. ಕಣದಾಚೆ ಇದ್ದ ನೀರಿನ ಪೈಪನ್ನು ತೆಗೆಯಬೇಕೆಂದು ಹೋದೆ. "ಅದು ಅಲ್ಲೇ ಇರಲಿ" ಅಂದರು. ಬಿಟ್ಟೆ.

ಎರಡು ಪ್ರತಿ ಹಾಕಿಸಿದೆವು. ಒಂದನ್ನು ಅತ್ತೆ ನಾಪೋಕ್ಲಿನ ತವರುಮನೆಗೆ ಕಳಿಸಿದರು, ಇನ್ನೊಂದು ಹಜಾರದಲ್ಲಿದೆ. ಹೊಸ್ತಿಲಿನ ಕಪ್ಪು ಫೋಟೊ ನನ್ನ ಮೇಜಿನ ಮೇಲಿದೆ.